ಗೋಡೆ ಅದುರಿದರೆ ಯಾರ ಬಾಗಿಲು ತಟ್ಟಬೇಕು? ಸದ್ದಿನ ಕಾನೂನು ನಮ್ಮೂರಿಗೆ ಬಂದ ದಾರಿ

2021ರ ಜನವರಿ 21. ರಾತ್ರಿ ಹತ್ತು ದಾಟಿತ್ತು. ನಮ್ಮ ಕಡೆ ಆ ಹೊತ್ತಿಗೆ ಊರು ಮಲಗಿರುತ್ತದೆ. ಇದ್ದಕ್ಕಿದ್ದಂತೆ ಕಿಟಕಿ ಗಾಜು ಗಲಗಲ ಎಂದವು, ಪಾತ್ರೆ ಅದುರಿದವು. ಭೂಕಂಪ ಎಂದುಕೊಂಡು ಜನ ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದರು. ಶಿವಮೊಗ್ಗ, ಭದ್ರಾವತಿ ಮಾತ್ರವಲ್ಲ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹಲವು ಕಡೆ ಆ ಅದುರು ತಿಳಿಯಿತು. ನಮ್ಮ ಫೋನಿಗೆ ಬೆಳಗಿನವರೆಗೂ ಬಿಡುವಿರಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ನಿಮ್ಮ ಕಡೆಗೂ ಬಂತಾ?"

ಅದು ಭೂಕಂಪವಲ್ಲ ಎಂದು ಆಮೇಲೆ ಗೊತ್ತಾಯಿತು. ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ ಕಲ್ಲು ಕ್ರಷರ್ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ಅಲ್ಲಿದ್ದವರು ಜೀವ ಕಳೆದುಕೊಂಡರು. ಮಂತ್ರಿಗಳು ಬಂದರು, ತನಿಖೆ ಶುರುವಾಯಿತು, ಹಸಿರು ನ್ಯಾಯಮಂಡಳಿ ಪತ್ರಿಕಾ ವರದಿ ನೋಡಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

ಒಂದು ರಾತ್ರಿ ಮೂರು ಜಿಲ್ಲೆ ಅದುರಿದರೆ ಹೀಗೆ. ಆದರೆ ಒಂದೇ ಮನೆ, ಮೂರು ವರ್ಷ, ದಿನಾ ರಾತ್ರಿ ಅದುರಿದರೆ?

ಈ ಪ್ರಶ್ನೆ ನಮಗೆ ಹುಟ್ಟಿದ್ದು ಒಬ್ಬ ಅಜ್ಜಿಯಿಂದ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕುಗಳಲ್ಲಿ ಒಂದರ ಊರು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಎರಡೂ ಮನೆ ಯಾವುದೆಂದು ನಿಮಗೆ ಗೊತ್ತಾಗಿಬಿಡುತ್ತದೆ. ಅಜ್ಜಿಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ನುಂಗುತ್ತಾರೆ. ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮನೆ. ಅದರ ಗೋಡೆಗೆ ಅಂಟಿಕೊಂಡಂತೆ ಪಕ್ಕದವರ ತಗಡಿನ ಶೆಡ್ಡು. ಶೆಡ್ಡಿನೊಳಗೆ ಅಡಿಕೆ ಸುಲಿಯುವ ಮಿಷಿನ್.

ಕೊಯ್ಲು ಶುರುವಾದರೆ ನಾಲ್ಕು ತಿಂಗಳು ಬಿಡುವಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತದೆ, ಹಾಗಾಗಿ ಮಿಷಿನ್ ಕೂಡ ರಾತ್ರಿಯೇ ಓಡುತ್ತದೆ. "ಕಿವಿ ಮುಚ್ಕಂಡ್ರೂ ಎದೇಲಿ ಗುಡುಗುಡು ಅಂತದೆ ಕಣಪ್ಪ" ಎಂದರು ಅಜ್ಜಿ. ದೇವರ ಗೂಡಿನ ಪಕ್ಕ ಗೋಡೆಯಲ್ಲಿ ಒಂದು ಬಿರುಕು. ಮಿಷಿನ್‌ನಿಂದಲೇ ಬಂದದ್ದೋ, ಮಳೆಗಾಲದ್ದೋ, ಆಗ ನಮಗೆ ಹೇಳಲಾಗಲಿಲ್ಲ.

ಪಂಚಾಯಿತಿಯವರು ಹೇಳಿದ್ದು, "ಅಡ್ಜಸ್ಟ್ ಮಾಡ್ಕಳಿ ಅಜ್ಜಿ". ಠಾಣೆಯವರು ಹೇಳಿದ್ದು, "ಇದು ಸಿವಿಲ್ ಮ್ಯಾಟರ್".

ಈ "ಸಿವಿಲ್ ಮ್ಯಾಟರ್" ಎಂಬ ಮಾತು ಎಲ್ಲಿಂದ ಬಂತು, ಅದು ಎಷ್ಟು ನಿಜ, ಎಷ್ಟು ನೆಪ ಎಂದು ಹುಡುಕಿಕೊಂಡು ಹೊರಟಾಗ ಸಿಕ್ಕ ಕಥೆಯೇ ಈ ಬರಹ.

ಪಕ್ಕದ ಮನೆಯ ಸದ್ದಿಗೆ ಕಾನೂನು ಮಾಡಿದ್ದು ಇವತ್ತಿನವರಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೇ ಭಾಗದಲ್ಲಿ ಮನೆ, ಗೋಡೆ, ನೀರು ಹರಿಯುವ ಕಾಲುವೆ, ಕಿಟಕಿ ಇವೆಲ್ಲದರ ಬಗ್ಗೆ ಕಟ್ಟಳೆಗಳಿವೆ. ಒಲೆ, ನೀರಿನ ತಾಣ, ಬೀಸುವ ಕಲ್ಲು, ಕುಟ್ಟುವ ಸಾಧನ ಇವನ್ನು ನೆರೆಯವರ ಗೋಡೆಗೆ ತಾಗಿಸಿ ಇಡಬಾರದು, ಇಷ್ಟು ಜಾಗ ಬಿಡಬೇಕು ಎಂದು ಅಲ್ಲಿ ಹೇಳಿದೆ. ಬಿಡಬೇಕಾದ ಜಾಗ ದೊಡ್ಡದೇನಲ್ಲ, ಒಂದು ಮೊಳದ ಆಸುಪಾಸು. ಆದರೆ ಬೀಸುವ ಕಲ್ಲಿನ ಅದುರು ಗೋಡೆ ದಾಟಿ ಹೋಗುತ್ತದೆ ಎಂಬುದು ಆ ಕಾಲದವರಿಗೆ ಗೊತ್ತಿತ್ತು. ಅಜ್ಜಿಯ ಮನೆಗೂ ಪಕ್ಕದ ಶೆಡ್ಡಿಗೂ ನಡುವೆ ಒಂದು ಮೊಳವೂ ಇಲ್ಲ. ನಾವೇ ಕೈ ಹಾಕಿ ನೋಡಿದೆವು, ಅಂಗೈ ಅಷ್ಟೇ ಹಿಡಿಯಿತು.

ನಮ್ಮ ಊರುಗಳಲ್ಲಿ ದೊಡ್ಡ ಸದ್ದು ಶುರುವಾದದ್ದು ಬಹಳ ತಡವಾಗಿ. ಅಜ್ಜಂದಿರ ಕಾಲದಲ್ಲಿ ಒನಕೆ, ಬೀಸುವ ಕಲ್ಲು, ಗಾಣ, ಕುಲುಮೆ ಬಿಟ್ಟರೆ ಬೇರೆ ಯಂತ್ರವಿರಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಕ್ಕೆ ಬೇಕಾದ ಅದಿರು ಬಂದದ್ದು ಲಿಂಗದಹಳ್ಳಿ ದಾಟಿ ಮೇಲೆ ಹೋದರೆ ಸಿಗುವ ಕೆಮ್ಮಣ್ಣುಗುಂಡಿಯಿಂದ. ಬೆಟ್ಟದಿಂದ ತಣಿಗೆಬೈಲಿಗೆ ತಂತಿಯ ಮೇಲೆ ತೊಟ್ಟಿಗಳಲ್ಲಿ ಇಳಿಯುತ್ತಿತ್ತು, ಅಲ್ಲಿಂದ ಸಣ್ಣ ರೈಲು. ಇವತ್ತು ಪ್ರವಾಸಿಗರು ಗುಲಾಬಿ ತೋಟ ನೋಡಲು ಹೋಗುವ ಬೆಟ್ಟ ಅದೇ. ಆಗ ನಮ್ಮದು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬಂದದ್ದು 1947ರಲ್ಲಿ.

ಅದುರುವ ಮನೆಯ ಕಥೆ ಕೇಳಬೇಕೆಂದರೆ ಕೋಲಾರದ ಚಿನ್ನದ ಗಣಿಯವರನ್ನು ಕೇಳಬೇಕು. ಅಲ್ಲಿ ಆಳದಲ್ಲಿ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು, ಮೇಲಿನ ಕಾಲೊನಿಯ ಮನೆಗಳು ನಡುಗುತ್ತಿದ್ದವು. ಗಂಡ ಕೆಳಗೆ ಪಾಳಿಯಲ್ಲಿ ಇದ್ದಾಗ ಮನೆ ನಡುಗಿದರೆ ಹೆಂಗಸರ ಸ್ಥಿತಿ ಏನಾಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಕಂಪನವನ್ನು ಅಳೆಯುವ ಕೆಲಸ ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿ ಬೇರು ಬಿಟ್ಟದ್ದು ಅಲ್ಲೇ. ಬಂಡೆಗಳ ಬಗ್ಗೆ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಶುರುವಾದದ್ದೂ ಕೆಜಿಎಫ್‌ನಲ್ಲೇ. ಗಣಿ 2001ರಲ್ಲಿ ಮುಚ್ಚಿತು.

ಈಗ ಕೋರ್ಟಿನ ಕಥೆಗೆ ಬರೋಣ. ಇದಕ್ಕೆ ಸ್ವಲ್ಪ ದೂರ, ಲಂಡನ್‌ವರೆಗೆ ಹೋಗಬೇಕು. ನಮ್ಮ ಕೋರ್ಟುಗಳು ಇವತ್ತಿಗೂ ಹೇಳುವ ತತ್ವ ಅಲ್ಲಿಯ ಒಬ್ಬ ಮಿಠಾಯಿ ಮಾಡುವವನಿಂದ ಬಂದದ್ದು.

ಅವನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದ. ಪಕ್ಕದಲ್ಲಿ ಒಬ್ಬ ಡಾಕ್ಟರ್ ಮನೆ. ಮೊದಲು ಅವರಿಗೆ ತೊಂದರೆ ಇರಲಿಲ್ಲ, ನಡುವೆ ಹಿತ್ತಲು ಇತ್ತು. ಆಮೇಲೆ ಡಾಕ್ಟರು ಹಿತ್ತಲಿನ ತುದಿಯಲ್ಲಿ, ಒರಳುಗಳ ಗೋಡೆಗೆ ಅಂಟಿಸಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿದರು. ಸದ್ದು ಮತ್ತು ಅದುರಿನಿಂದ ಕೆಲಸ ಮಾಡಲು ಆಗಲಿಲ್ಲ. ಕೋರ್ಟಿಗೆ ಹೋದರು. ಮಿಠಾಯಿಯವನ ವಾದ ನಮ್ಮೂರಿನವರ ವಾದದಂತೆಯೇ ಇತ್ತು: ಇಷ್ಟು ವರ್ಷ ಇಲ್ಲದ ತಕರಾರು ಈಗ ಯಾಕೆ, ನಾನು ಮೊದಲಿನಿಂದ ಇದ್ದವನು. 1879ರಲ್ಲಿ ಕೋರ್ಟು ಡಾಕ್ಟರ ಪರ ತೀರ್ಪು ಕೊಟ್ಟಿತು. ಸದ್ದು ಉಪದ್ರವವಾಗಿ ತಟ್ಟಿದ್ದೇ ಕೋಣೆ ಕಟ್ಟಿದ ಮೇಲೆ, ಹಾಗಾಗಿ ಇಪ್ಪತ್ತು ವರ್ಷದ ಲೆಕ್ಕ ಅಲ್ಲಿಂದ ಶುರುವಾಗಬೇಕು, ಹಿಂದಿನದು ಸೇರುವುದಿಲ್ಲ ಎಂದಿತು. ಒಂದು ಜಾಗದಲ್ಲಿ ಉಪದ್ರವ ಆಗದ್ದು ಇನ್ನೊಂದು ಜಾಗದಲ್ಲಿ ಆಗಬಹುದು ಎಂಬ ತತ್ವವೂ ಅದೇ ತೀರ್ಪಿನಲ್ಲಿ ಗಟ್ಟಿಯಾಯಿತು.

ನಮ್ಮ ದೇಶದಲ್ಲಿ ಇಪ್ಪತ್ತು ವರ್ಷದ ಲೆಕ್ಕ 1882ರ ಅನುಭೋಗ ಹಕ್ಕಿನ ಕಾಯಿದೆಯಲ್ಲಿ ಬಂತು. ಹಿಟ್ಟಿನ ಗಿರಣಿಯವರು "ನಮ್ಮಪ್ಪನ ಕಾಲದಿಂದ ಓಡಿಸ್ತಿದ್ದೀವಿ" ಎನ್ನುವುದಕ್ಕೆ ಬೆಲೆ ಇಲ್ಲವೇ ಇಲ್ಲ ಎಂದಲ್ಲ. ಆದರೆ ಹಳೆಯ ಐದು ಎಚ್‌ಪಿ ಮೋಟರ್ ತೆಗೆದು ದೊಡ್ಡದು ಕೂರಿಸಿ, ಹಗಲಿನ ಕೆಲಸವನ್ನು ರಾತ್ರಿಗೆ ಹಾಕಿಕೊಂಡಿದ್ದರೆ ಅಪ್ಪನ ಕಾಲದ ಲೆಕ್ಕ ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಹಿಟ್ಟಿನ ಗಿರಣಿ ಸುಮ್ಮನೆ ನೆನಪಾದದ್ದಲ್ಲ. ಭಾರತದಲ್ಲಿ ಈ ಕಾನೂನು ಬೆಳೆದದ್ದೇ ಗಿರಣಿಗಳ ಜಗಳದಿಂದ. 1960ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಒಂದು ಮೊಕದ್ದಮೆ ಬಂತು. ಬಜಾರಿನ ನಡುವೆ ಮನೆ, ಗೋಡೆ ಪಕ್ಕದಲ್ಲೇ ಕರೆಂಟಿನ ಗಿರಣಿ. ಅದರ ಸದ್ದು, ಅದುರಿನಿಂದ ಮನೆಯವರಿಗೆ ನೆಮ್ಮದಿ ಇಲ್ಲ. ಬಜಾರು ಎಂದ ಮೇಲೆ ಸದ್ದು ಇದ್ದೇ ಇರುತ್ತದೆ ಎನ್ನುವ ಮಾತು ಬಂತು. ಆದರೂ ಅದು ಖಾಸಗಿ ಉಪದ್ರವವೇ ಎಂದು ಕೋರ್ಟು ಹೇಳಿತು. 1978ರಲ್ಲಿ ಅದೇ ಹೈಕೋರ್ಟಿನ ಮುಂದೆ ಮತ್ತೊಂದು ಗಿರಣಿ: ಕೆಳಗೆ ಹಿಟ್ಟಿನ ಮಿಲ್ಲು, ಮೇಲಿನ ಮಹಡಿಯಲ್ಲಿ ಸಂಸಾರ. ಮೊದಲೇ ಗದ್ದಲವಿರುವ ಜಾಗವಾದರೂ ಇರುವ ಗದ್ದಲದ ಮೇಲೆ ಗಂಭೀರವಾಗಿ ಇನ್ನಷ್ಟು ಸೇರಿಸಿದರೆ ಅದು ಉಪದ್ರವ ಎಂಬ ತತ್ವವನ್ನು ಅಲ್ಲಿ ಒಪ್ಪಲಾಯಿತು. ಮಿಲ್ಲಿಗೆ ತಡೆ ಬಿತ್ತು.

ಅಂದರೆ "ಸಿವಿಲ್ ಮ್ಯಾಟರ್" ಎಂಬುದು ಸುಳ್ಳಲ್ಲ. ಒಂದು ಮನೆಗೆ ಇನ್ನೊಂದು ಮನೆಯಿಂದ ಆಗುವ ಕಾಟಕ್ಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ಪರಿಹಾರ ಕೇಳಬಹುದು, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿ ಶಾಶ್ವತ ತಡೆಯಾಜ್ಞೆ ಕೇಳಬಹುದು. ಪೂರ್ತಿ ತೀರ್ಪು ಬರುವ ತನಕ ತಾತ್ಕಾಲಿಕ ತಡೆ ಕೇಳಬಹುದು. ಇಂಥ ದಾವೆಯಲ್ಲಿ ಬಹಳ ಉಪಯೋಗಕ್ಕೆ ಬರುವುದು ಕೋರ್ಟ್ ಕಮಿಷನರ್. ಕೋರ್ಟು ಒಬ್ಬ ವಕೀಲರನ್ನೋ ಇಂಜಿನಿಯರನ್ನೋ ಮನೆಗೆ ಕಳಿಸುತ್ತದೆ. ಅವರು ಬಂದು ನೋಡಿ, ಅಳೆದು, ವರದಿ ಕೊಡುತ್ತಾರೆ. ಜಡ್ಜರಿಗೆ ಸದ್ದನ್ನು ಕವರಿನಲ್ಲಿ ಹಾಕಿ ತೋರಿಸಲು ಆಗುವುದಿಲ್ಲವಲ್ಲ. ಮತ್ತೆ, ಕಾಟ ದಿನಾ ನಡೆಯುತ್ತಿದ್ದರೆ ಕಾಲಮಿತಿಯೂ ದಿನಾ ಹೊಸದಾಗಿ ಶುರುವಾಗುತ್ತದೆ ಎಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. "ಮೂರು ವರ್ಷ ಆಯ್ತಲ್ಲ, ಈಗ ಕೇಸ್ ನಡೆಯಲ್ಲ" ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಡಿ.

ಆದರೆ ಆ ಮಾತು ಪೂರ್ತಿ ನಿಜವೂ ಅಲ್ಲ.

1860ರ ಭಾರತೀಯ ದಂಡಸಂಹಿತೆಯಲ್ಲೇ ಸಾರ್ವಜನಿಕ ಉಪದ್ರವ ಒಂದು ಅಪರಾಧ. ದಂಡ ಮಾತ್ರ ಇನ್ನೂರು ರೂಪಾಯಿಯವರೆಗೆ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ತಮಾಷೆ ಎಂದರೆ 2023ರವರೆಗೂ ಅದು ಇನ್ನೂರೇ ಆಗಿತ್ತು. ಹೊಸ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಅದರ 292ನೇ ಕಲಮಿನಲ್ಲಿ ಸಾವಿರ ರೂಪಾಯಿವರೆಗೆ ಆಗಿದೆ. ನಿಲ್ಲಿಸಿ ಎಂದು ಅಧಿಕಾರಿ ಆದೇಶ ಕೊಟ್ಟ ಮೇಲೂ ಮುಂದುವರಿಸಿದರೆ 293ನೇ ಕಲಮು, ಆರು ತಿಂಗಳವರೆಗೆ ಜೈಲು.

ದಂಡಕ್ಕಿಂತ ಬಲವಾದದ್ದು ಇನ್ನೊಂದಿದೆ. ನಮ್ಮ ಜನಕ್ಕೆ ಇದು ಗೊತ್ತೇ ಇಲ್ಲ ಎಂಬುದು ನಮ್ಮ ಅನುಭವ. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133ನೇ ಕಲಮು ಎಂದಿತ್ತು. 1973ರಲ್ಲಿ ಸಂಹಿತೆ ಹೊಸದಾದಾಗಲೂ ಅದೇ ನಂಬರು ಉಳಿಯಿತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು. ಯಾವುದೇ ಕಸುಬು ಅಥವಾ ವ್ಯಾಪಾರ ಸುತ್ತಲಿನ ಜನರ ಆರೋಗ್ಯಕ್ಕೋ ದೇಹದ ನೆಮ್ಮದಿಗೋ ತೊಂದರೆ ಕೊಡುತ್ತಿದ್ದರೆ ಅದನ್ನು ನಿಲ್ಲಿಸಲು, ಬೇರೆಡೆ ಸಾಗಿಸಲು ಅಥವಾ ನಿಯಮ ಹಾಕಿ ನಡೆಸಲು ಕಂದಾಯ ಇಲಾಖೆಯ ದಂಡಾಧಿಕಾರಿ ಆದೇಶ ಮಾಡಬಹುದು. ನಮ್ಮ ಭಾಗಕ್ಕೆ ಅವರು ಯಾರು ಎಂದರೆ ತರೀಕೆರೆಯ ಉಪವಿಭಾಗಾಧಿಕಾರಿ, ಅಂದರೆ ನಾವು ಎಸಿ ಸಾಹೇಬರು ಎನ್ನುವವರು. ಜಮೀನಿನ ಅಪೀಲಿಗೆ ಮಾತ್ರ ಎಸಿ ಕಚೇರಿ ಎಂದುಕೊಂಡವರು ಇದನ್ನು ತಿಳಿದಿರಬೇಕು.

ಈ ಕಲಮಿಗೆ ಹಲ್ಲು ಬಂದದ್ದು 1980ರಲ್ಲಿ. ಮಧ್ಯಪ್ರದೇಶದ ರತ್ಲಾಂ ಊರಿನ ಒಂದು ಬಡಾವಣೆಯ ಜನ ಗಬ್ಬು ಚರಂಡಿಯ ಬಗ್ಗೆ ಇದೇ 133ರ ಅಡಿ ದೂರು ಕೊಟ್ಟಿದ್ದರು. ಪುರಸಭೆ ದುಡ್ಡಿಲ್ಲ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನೆಪ ಒಪ್ಪಲಿಲ್ಲ. ಕಲಮು ಕೈಯಲ್ಲಿದ್ದ ಮೇಲೆ ಬಳಸುವುದು ದಂಡಾಧಿಕಾರಿಯ ಕರ್ತವ್ಯ ಎಂಬ ಅರ್ಥ ಆ ತೀರ್ಪಿನಿಂದ ಬಂತು. ಅದು ಚರಂಡಿಯ ಕೇಸು, ಆದರೆ ಸದ್ದಿನವರೂ ಅದನ್ನೇ ಹಿಡಿದು ನಡೆದರು.

ಇದಕ್ಕೆ ಒಂದು ಮಿತಿ ಇದೆ. ತೊಂದರೆ "ಸಾರ್ವಜನಿಕರಿಗೆ" ಆಗುತ್ತಿರಬೇಕು. ಅಜ್ಜಿ ಒಬ್ಬರೇ ಸಹಿ ಹಾಕಿದರೆ ಖಾಸಗಿ ಜಗಳ ಎಂದು ವಾಪಸ್ ಬರುವ ಸಂಭವವೇ ಹೆಚ್ಚು. ಬೀದಿಯ ಹತ್ತು ಮನೆ ಸಹಿ ಹಾಕಿದರೆ ಅದರ ತೂಕ ಬೇರೆ. ಸಿವಿಲ್ ಕೋರ್ಟಿನಲ್ಲೂ ಹೀಗೊಂದು ದಾರಿ ಇದೆ. ಸಾರ್ವಜನಿಕ ಉಪದ್ರವಕ್ಕೆ ದಾವೆ ಹಾಕಲು ಮೊದಲು ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆ ಬೇಕಿತ್ತು. 1976ರ ತಿದ್ದುಪಡಿ ಆದ ಮೇಲೆ ಇಬ್ಬರು ಸೇರಿ ಕೋರ್ಟಿನ ಅನುಮತಿ ಪಡೆದರೂ ಸಾಕು, ತಮಗೇ ವಿಶೇಷ ನಷ್ಟ ಆಗಿದೆ ಎಂದು ತೋರಿಸಬೇಕಿಲ್ಲ.

ಸದ್ದಿಗೆ ಅಳತೆ ಬಂದದ್ದು ಇನ್ನೂ ಈಚೆಗೆ. 1981ರ ವಾಯು ಮಾಲಿನ್ಯ ಕಾಯಿದೆಯಲ್ಲಿ ಮೊದಲು ಸದ್ದು ಇರಲೇ ಇಲ್ಲ. 1987ರಲ್ಲಿ ತಿದ್ದುಪಡಿ ಮಾಡಿ ಸದ್ದೂ ಗಾಳಿಯನ್ನು ಕೆಡಿಸುವ ವಸ್ತು ಎಂದು ಸೇರಿಸಿದರು. 2000ದಲ್ಲಿ ಶಬ್ದ ಮಾಲಿನ್ಯ ನಿಯಮಗಳು ಬಂದವು. ಜನ ವಾಸಿಸುವ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55, ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ, ಅಲ್ಲಿ 50 ಮತ್ತು 40.

ಡೆಸಿಬಲ್ ಲೆಕ್ಕ ಕೆಜಿ ಲೆಕ್ಕದಂತಲ್ಲ. ಇಬ್ಬರು ಎದುರು ಕೂತು ಮಾತಾಡಿದರೆ ಸುಮಾರು 60. ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚಾದರೆ ನೀವು ದೂರು ಕೊಡಬಹುದು ಎಂದು ನಿಯಮ 7 ಹೇಳುತ್ತದೆ.

ದೂರು ಯಾರಿಗೆ? ಇಲ್ಲೊಂದು ತಿರುವು. ನಿಯಮದಲ್ಲಿ "ಪ್ರಾಧಿಕಾರಿ" ಎಂದರೆ ಜಿಲ್ಲಾ ದಂಡಾಧಿಕಾರಿ, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿ. ಆದ್ದರಿಂದ ಠಾಣೆಯವರು "ನಮ್ಮ ಕೈಯಲ್ಲಿ ಇಲ್ಲ" ಎಂದರೆ ಅದರಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧವನ್ನು, ಅಂದರೆ ಯಾರ ಕೈಯಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಡಿವೈಎಸ್‌ಪಿ ಕಚೇರಿ ತರೀಕೆರೆಯಲ್ಲೇ ಇದೆ. ಅಲ್ಲಿಗೆ ಬರಹದಲ್ಲಿ ದೂರು ಕೊಟ್ಟು, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅದರ ನಕಲನ್ನು ಚಿಕ್ಕಮಗಳೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಳೆಯುವ ಯಂತ್ರ ಇರುವುದು ಅವರಲ್ಲಿ. ಮೊಬೈಲಿನ ಡೆಸಿಬಲ್ ಆ್ಯಪ್ ನಿಮ್ಮ ಅಂದಾಜಿಗೆ ಸರಿ, ಕೋರ್ಟಿನಲ್ಲಿ ಅದರ ಮೇಲೆ ಮಾತ್ರ ನಿಲ್ಲಲು ಆಗುವುದಿಲ್ಲ.

ಮೈಕಿನ ವಿಷಯ ಬೇರೆಯೇ ಒಂದು ಪುರಾಣ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ದೊಡ್ಡ ತೀರ್ಪು ಕೊಟ್ಟಿತು: ಮಾತಾಡುವ ಹಕ್ಕು ಇದೆ ಎಂದು ಬೇಡದವರ ಕಿವಿಗೆ ತುರುಕುವ ಹಕ್ಕು ಇಲ್ಲ. ಆ ಮೊಕದ್ದಮೆಯ ಹಿಂದೆ ಒಂದು ಕರುಳು ಹಿಂಡುವ ಸಂಗತಿ ಇತ್ತು. ಹದಿಮೂರು ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾಗುವಾಗ ಅವಳ ಕೂಗು ಪಕ್ಕದ ಮೈಕಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ ಎಂಬ ಪತ್ರಿಕಾ ವರದಿ. ಜಾತ್ರೆಯ ಆರ್ಕೆಸ್ಟ್ರಾ ಬಗ್ಗೆ, ಹಬ್ಬದ ಡಿಜೆ ಬಗ್ಗೆ ಬರೆಯಲು ಹೋದರೆ ಈ ಬರಹ ಮುಗಿಯುವುದಿಲ್ಲ, ನಮಗೆ ಬೈಗುಳವೂ ಮುಗಿಯುವುದಿಲ್ಲ. ಅದನ್ನು ಇನ್ನೊಂದು ದಿನಕ್ಕೆ ಇಡೋಣ.

ಕ್ವಾರಿ, ಕ್ರಷರ್ ಪಕ್ಕದ ಊರಿನವರು ಮುಂದಿನದನ್ನು ಎರಡು ಸಲ ಓದಿ.

1998ರಲ್ಲೇ ಕರ್ನಾಟಕ ಹೈಕೋರ್ಟು ಕಲ್ಲು ಕ್ರಷರ್‌ಗಳ ಧೂಳು, ಸದ್ದಿನ ವಿರುದ್ಧದ ಒಂದು ರಿಟ್ ಅರ್ಜಿಯಲ್ಲಿ, ಕ್ರಷರ್‌ಗಳನ್ನು ಊರಿನಿಂದ ದೂರ ಸುರಕ್ಷಿತ ವಲಯಗಳಿಗೆ ಸಾಗಿಸಬೇಕು ಎಂದು ಸರ್ಕಾರಕ್ಕೆ ಹೇಳಿತ್ತು. ಕಾಯಿದೆ ಬಂದದ್ದು 2011ರಲ್ಲಿ. ನಡುವೆ ಹದಿಮೂರು ವರ್ಷ. ಆ ಕಾಯಿದೆಯಂತೆ ಪ್ರತಿ ಜಿಲ್ಲೆಯಲ್ಲಿ ಡಿಸಿ ಅಧ್ಯಕ್ಷತೆಯ ಪ್ರಾಧಿಕಾರ ಲೈಸೆನ್ಸ್ ಕೊಡಬೇಕು, ಊರು, ಶಾಲೆ, ರಸ್ತೆಯಿಂದ ಎಷ್ಟು ದೂರ ಎಂದು ನೋಡಬೇಕು.

ಕ್ರಷರ್‌ನ ಕಾಟ ಸದ್ದು ಮತ್ತು ಧೂಳು. ಕ್ವಾರಿಯಲ್ಲಿ ಬಂಡೆ ಸಿಡಿಸುವಾಗ ಆಗುವುದು ಕಂಪನ. ಅದಕ್ಕೆ ಡೆಸಿಬಲ್ ಅಲ್ಲ, ಬೇರೆ ಅಳತೆ. ನೆಲ ಎಷ್ಟು ವೇಗವಾಗಿ ಅಲುಗಿತು ಎಂದು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ಗಣಿ ಸುರಕ್ಷತಾ ಮಹಾ ನಿರ್ದೇಶನಾಲಯ 1997ರ ಸುತ್ತೋಲೆಯಲ್ಲಿ ಮಿತಿ ಹಾಕಿದೆ. ಗಣಿಯವರಿಗೆ ಸೇರದ ವಾಸದ ಮನೆಗೆ ಮಿತಿ 5 ಮಿಲಿಮೀಟರ್, ಕಂಪನ ಸೆಕೆಂಡಿಗೆ ಎಂಟು ಸಲಕ್ಕಿಂತ ಕಡಿಮೆ ಇದ್ದಾಗ. ಎಂಟರಿಂದ ಇಪ್ಪತ್ತೈದು ಸಲ ಇದ್ದರೆ 10, ಅದಕ್ಕೂ ಹೆಚ್ಚಿದ್ದರೆ 15. ಹಳೆಯ ದೇವಸ್ಥಾನದಂಥ ನಾಜೂಕಾದ ಕಟ್ಟಡಕ್ಕೆ ಇನ್ನೂ ಕಡಿಮೆ: 2, 5, 10. ನಿಧಾನದ ಅದುರಿಗೆ ಮಿತಿ ಬಿಗಿ ಯಾಕೆಂದರೆ ಮನೆ ತಾನೂ ನಿಧಾನವಾಗಿ ತೂಗುವ ವಸ್ತು. ಜೋಕಾಲಿಗೆ ಹದವಾದ ಹೊತ್ತಿಗೆ ತಳ್ಳಿದರೆ ಹೇಗೆ ಎತ್ತರ ಹೋಗುತ್ತದೋ ಹಾಗೆ.

ಆದ್ದರಿಂದ "ಮನೆ ಬಿರುಕು ಬಿಟ್ಟಿದೆ" ಎಂದಷ್ಟೇ ಬರೆದು ಕೈ ಬಿಡಬೇಡಿ. ಯಾವ ದಿನ, ಎಷ್ಟು ಗಂಟೆಗೆ ಸಿಡಿಸಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಗುತ್ತಿಗೆಯ ಷರತ್ತು ಕೇಳಿ, ಕಂಪನ ಅಳೆದ ವರದಿ ಇದ್ದರೆ ಅದರ ನಕಲು ಕೇಳಿ. ಸ್ಫೋಟಕ ಇಡಲು, ಬಳಸಲು 2008ರ ಸ್ಫೋಟಕ ನಿಯಮಗಳಲ್ಲಿ ಲೈಸೆನ್ಸ್ ಬೇಕು, ಅದನ್ನೂ ಕೇಳಿ.

ಕಂಪನವನ್ನು ಕೋರ್ಟುಗಳು ಈಗ ಎಷ್ಟು ಗಂಭೀರವಾಗಿ ನೋಡುತ್ತಿವೆ ಎಂಬುದಕ್ಕೆ ಕೆಆರ್‌ಎಸ್ ಸಾಕ್ಷಿ. ಬೇಬಿ ಬೆಟ್ಟದ ಸುತ್ತ ಬಂಡೆ ಸಿಡಿಸುವ ಬಗ್ಗೆ ವರ್ಷಗಟ್ಟಲೆ ಜಗಳ ನಡೆಯಿತು. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟಿನ 20 ಕಿಲೋಮೀಟರ್ ಸುತ್ತ ಗಣಿಗಾರಿಕೆಗೆ ತಡೆ ಹಾಕಿತು, ಅಧ್ಯಯನ ಆಗುವ ತನಕ. ಅಣೆಕಟ್ಟು ಎಂದರೆ ಮಂಡ್ಯ, ಮೈಸೂರು, ಬೆಂಗಳೂರಿನ ನೀರು. ಅಜ್ಜಿಯ ಮಣ್ಣಿನ ಗೋಡೆಗೆ ಅಂಥ ಬೆಂಬಲ ಸಿಗುವುದಿಲ್ಲ ಎಂಬುದು ನಮಗೂ ಗೊತ್ತು.

ಊರೇ ಸೇರಿ ಹೋರಾಡುವುದಾದರೆ ಹಸಿರು ನ್ಯಾಯಮಂಡಳಿ ಇದೆ, 2010ರ ಕಾಯಿದೆ. ನಮಗೆ ಚೆನ್ನೈನ ದಕ್ಷಿಣ ಪೀಠ. ಕಾಟ ನಿಲ್ಲಿಸಿ ಎಂದು ಕೇಳಲು ಅದು ಮೊದಲು ಶುರುವಾದ ದಿನದಿಂದ ಆರು ತಿಂಗಳು ಮಾತ್ರ ಸಮಯ, ತಕ್ಕ ಕಾರಣ ಇದ್ದರೆ ಇನ್ನು ಅರವತ್ತು ದಿನ. ನಷ್ಟ ಪರಿಹಾರಕ್ಕೆ ಐದು ವರ್ಷ. ಸಿವಿಲ್ ಕೋರ್ಟಿನಂತೆ ಇಲ್ಲಿ ದಿನ ಸಡಿಲವಿಲ್ಲ. "ಚುನಾವಣೆ ಮುಗೀಲಿ, ಎಮ್ಮೆಲ್ಲೆ ಮಾತಾಡ್ತಾರಂತೆ" ಎಂದು ಕಾದು ಕೂತು ಈ ಆರು ತಿಂಗಳು ಕಳೆದುಕೊಂಡ ಊರುಗಳನ್ನು ನಾವು ನೋಡಿದ್ದೇವೆ.

ಅಜ್ಜಿಗೆ ಬರೋಣ.

ಅಜ್ಜಿಯ ಮೊದಲ ಭಯ ಕೋರ್ಟಿನ ಖರ್ಚು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಇದು 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ ಹಾಗೆಯೇ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ನಾವೇ ಹೋದೆವು.

ಎರಡನೇ ಭಯ ಖರ್ಚಿಗಿಂತ ದೊಡ್ಡದು. ಮಿಷಿನ್ ಮಾಲೀಕ ದೂರದವನಲ್ಲ, ಅಜ್ಜಿಯ ಕಣ್ಣ ಮುಂದೆ ಬೆಳೆದ ಹುಡುಗ. "ದೊಡ್ಡಮ್ಮ" ಎಂದೇ ಕರೆಯುತ್ತಾನೆ. ಬ್ಯಾಂಕ್ ಸಾಲ ಮಾಡಿ ಮಿಷಿನ್ ತಂದಿದ್ದಾನೆ. ರಾತ್ರಿ ಸುಲಿದ ಅಡಿಕೆ ಆರಿಸಲು ಅದೇ ಬೀದಿಯ ಏಳೆಂಟು ಹೆಂಗಸರು ಬರುತ್ತಾರೆ, ಕೂಲಿ ಕೈಗೆ ಕೈಗೆ ಸಿಗುತ್ತದೆ. ಹತ್ತು ಮನೆಯ ಸಹಿ ಎಂದು ಮೇಲೆ ಬರೆದೆವಲ್ಲ, ಅಜ್ಜಿಯ ಬೀದಿಯಲ್ಲಿ ಸಿಕ್ಕಿದ್ದು ಎರಡೇ. ಸಹಿ ಹಾಕದವರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಹಾಗಾಗಿ ಎಸಿ ಕಚೇರಿಯ ದಾರಿ ಅಲ್ಲಿಗೆ ನಿಂತಿತು.

ವಕೀಲರು ಮೊದಲು ಕೇಳಿದ್ದು ಬಿರುಕಿನ ಬಗ್ಗೆ. "ಇದು ಮಿಷಿನ್‌ನಿಂದ ಅಂತ ಹೇಗೆ ಹೇಳ್ತೀರಿ?" ಇದಕ್ಕೆ ಇಂಜಿನಿಯರುಗಳು ಮಾಡುವ ಹಳೆಯ ಉಪಾಯ ಒಂದಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ, ಮೇಲೆ ತಾರೀಖು ಬರೆಯಬೇಕು. ಗೋಡೆ ಕದಲಿದರೆ ಗಾಜು ಸೀಳುತ್ತದೆ. ಮಳೆ ಪೂರ್ತಿ ನಿಂತ ಮೇಲೆ, ಪಂಚಾಯಿತಿ ಸದಸ್ಯರೊಬ್ಬರ ಎದುರಿಗೆ ಪಟ್ಟಿ ಅಂಟಿಸಿ ಫೋಟೊ ತೆಗೆದೆವು. ಮಿಷಿನ್ ಓಡಿದ ರಾತ್ರಿಗಳನ್ನು ಅಜ್ಜಿಯ ಮೊಮ್ಮಗಳು ಕ್ಯಾಲೆಂಡರ್ ಮೇಲೆ ಬರೆದಿಟ್ಟಳು. ಶುರುವಾದ ಹೊತ್ತು, ನಿಂತ ಹೊತ್ತು ಎರಡೂ.

ಹತ್ತೊಂಬತ್ತನೇ ದಿನ ಬೆಳಗ್ಗೆ ಗಾಜು ಸೀಳಿತ್ತು. ಮಳೆ ಬಿದ್ದಿರಲಿಲ್ಲ.

ವಕೀಲರು ದಾವೆಗೆ ಮೊದಲು ನೋಟಿಸು ಕಳಿಸಿದರು. ಮಿಷಿನ್‌ಗೆ ಪಂಚಾಯಿತಿಯ ಅನುಮತಿ ಇಲ್ಲ ಎಂಬುದು ಮಾಹಿತಿ ಹಕ್ಕಿನಲ್ಲಿ ಗೊತ್ತಾಗಿತ್ತು, ಅದನ್ನೂ ಬರೆದರು. ಹುಡುಗ ನೋಟಿಸು ಹಿಡಿದುಕೊಂಡು ಅಜ್ಜಿಯ ಜಗಲಿಗೆ ಬಂದ. ಮೊದಲು ಕೂಗಾಡಿದ, ಆಮೇಲೆ ಕೂತ. "ದೊಡ್ಡಮ್ಮ, ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದ. "ಮೂರ್ ವರ್ಷದಿಂದ ಹೇಳ್ತಾನೇ ಇದ್ದೆ ಕಣೋ, ನಿನ್ನ ಮಿಷಿನ್ ಸದ್ದಲ್ಲಿ ನಿನಗೆ ಕೇಳಿಲ್ಲ" ಎಂದರು ಅಜ್ಜಿ. ನಾವು ಅಲ್ಲೇ ಇದ್ದೆವು.

ಮುಂದಿನ ಕೊಯ್ಲಿನೊಳಗೆ ಮಿಷಿನ್ ತೋಟದ ಮನೆಗೆ ಹೋಗಬೇಕು, ಅಲ್ಲಿಯವರೆಗೆ ರಾತ್ರಿ ಹತ್ತರ ಮೇಲೆ ಓಡಿಸುವಂತಿಲ್ಲ, ಮಿಷಿನ್ ಕಾಲಿಗೆ ದಪ್ಪ ರಬ್ಬರ್ ಹಾಕಬೇಕು, ಗೋಡೆ ರಿಪೇರಿ ಖರ್ಚು ಅವನದು ಎಂದು ಬರೆದು, ಲೋಕ ಅದಾಲತ್‌ನಲ್ಲಿ ಇಬ್ಬರೂ ಸಹಿ ಹಾಕಿದರು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಬರೀ ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದರೆ ಅಷ್ಟು ಬೆಲೆ ಇರುತ್ತಿರಲಿಲ್ಲ.

ಆಮೇಲೆ ಎರಡು ಸಲ ಮಿಷಿನ್ ಹನ್ನೊಂದರವರೆಗೆ ಓಡಿತಂತೆ. ಮೊಮ್ಮಗಳ ಕ್ಯಾಲೆಂಡರಿನಲ್ಲಿ ಅದೂ ಇದೆ. ರಾತ್ರಿ ಕೆಲಸ ಕಡಿಮೆಯಾದ್ದರಿಂದ ಕೂಲಿ ಕಳೆದುಕೊಂಡ ಇಬ್ಬರು ಹೆಂಗಸರು ಅಜ್ಜಿಯ ಜೊತೆ ಮಾತು ಬಿಟ್ಟಿದ್ದಾರೆ. ತೋಟಕ್ಕೆ ತ್ರೀ ಫೇಸ್ ಲೈನ್ ಎಳೆಯಲು ಹುಡುಗ ಅರ್ಜಿ ಹಾಕಿದ್ದಾನೆ, ಕಂಬ ಇನ್ನೂ ಬಂದಿಲ್ಲ. ಬಿರುಕಿಗೆ ಸಿಮೆಂಟು ಮೆತ್ತಿ ಅದರ ಮೇಲೆ ಹೊಸ ಗಾಜಿನ ಪಟ್ಟಿ ಅಂಟಿಸಿ ಬಂದಿದ್ದೇವೆ.